ಇಂದಿನ ಧಮ್ಮಚಿಂತನೆ: ದರಪಟ್ಟಿ ಮತ್ತು ಅಂಬಪಾಲಿಯ ಲೆಕ್ಕ





ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ತ್ರಿಶರಣ, ಪಂಚಶೀಲ ಮುಗಿದ ಮೇಲೆ ಎಂದಿನಂತೆ ಪ್ರಶ್ನೆಗಳಿಗೆ ಸಮಯ ಕೊಟ್ಟೆವು. ಇಳಕಲ್‌ನಿಂದ ಬರುವ ತಂಗಿಯೊಬ್ಬಳು ಹಿಂದಿನ ಸಾಲಿನಿಂದ ಕೇಳಿದಳು: "ಅಕ್ಕಾ, ಮಾರಿ ರಿಪೇರಿ ಮಾಡಿಸಿಕೊಂಡ್ರ ಶೀಲ ಮುರೀತದೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ.

ಸಭೆ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದೆ. ಅವಳಿಗೆ ನಲವತ್ಮೂರು ವರ್ಷ. ಒಂದು ಸೀರೆ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ. ಈಗ ಅಂಗಡಿಯವರು ಮೊಬೈಲಿಗೆ ವಿಡಿಯೋ ಮಾಡಿ ಹಾಕಲು ಶುರು ಮಾಡಿದ್ದಾರೆ. ಸೆರಗು ಹಿಡಿದು ತೋರಿಸಲು ಒಬ್ಬ ಚಿಕ್ಕ ಹುಡುಗಿಯನ್ನು ಮುಂದೆ ನಿಲ್ಲಿಸಿ, ಇವಳನ್ನು ಒಳಗೆ ಸೀರೆ ಮಡಚಲು ಕಳಿಸಿದ್ದಾರೆ. ಪಗಾರ ಇನ್ನೂ ಕಡಿಮೆಯಾಗಿಲ್ಲ, ಆಗುತ್ತದೆಂಬ ಹೆದರಿಕೆ. ಇದರ ನಡುವೆ ಬಾದಾಮಿಯಲ್ಲಿ ಒಂದು ಮದುವೆಗೆ ಹೋದಾಗ ನಾದಿನಿ ಹತ್ತು ಜನರ ಎದುರಿಗೆ ಅಂದಳಂತೆ: "ವೈನಿ, ಅಣ್ಣನ ಬಾಜೂಕ ನಿಂತ್ರ ನೀವು ಅಂವನ ಅವ್ವ ಕಂಡಂಗ ಕಾಣ್ತೀರಿ."

ಆಮೇಲೆ ಅವಳು ಫೋನು ತೆಗೆದು ತೋರಿಸಿದಳು. ಬಾಗಲಕೋಟೆಯಲ್ಲಿ ವಾರಕ್ಕೊಮ್ಮೆ ಬಂದು ಹೋಗುವ ಒಬ್ಬ ಡಾಕ್ಟರರ ದರಪಟ್ಟಿ. ಹಣೆಗೆ ಇಷ್ಟು. ಕಣ್ಣಿನ ಕೆಳಗೆ ಇಷ್ಟು. ಕೆನ್ನೆಗೆ, ತುಟಿಗೆ, ಗದ್ದಕ್ಕೆ ಬೇರೆ ಬೇರೆ. ಎಲ್ಲಾ ಸೇರಿ ಮಾಡಿಸಿದರೆ ಹಬ್ಬದ ರಿಯಾಯಿತಿ. ಮಗಳ ಪಿಯುಸಿ ಫೀಸಿಗೆಂದು ಸ್ವಸಹಾಯ ಸಂಘದಲ್ಲಿ ಕೂಡಿಟ್ಟ ಹಣ ಅವಳ ಹತ್ತಿರ ಇದೆ. "ತಗೀಲೇನಕ್ಕಾ?" ಎಂದು ಕೇಳಿದಳು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಹುನಗುಂದದ ಬಸ್ಸು ಬಂತು ಎಂದು ತಪ್ಪಿಸಿಕೊಂಡೆ. ಇಂದಿನ ಚಿಂತನೆ ಆ ತಂಗಿಗೆ ಬರೆದ ಉತ್ತರ. ಹಾಗೆ ಕೇಳಲು ನಾಚಿ ಸುಮ್ಮನಿರುವ ಎಲ್ಲರಿಗೂ.

ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ. ಹತ್ತು ವರ್ಷದ ಹಿಂದೆ ನನ್ನ ಎರಡೂ ಕೆನ್ನೆಗಳ ಮೇಲೆ ಬಂಗು ಬಂದಿತ್ತು. ಕಪ್ಪು ಬಣ್ಣದ ಮೇಲೆ ಇನ್ನೂ ಕಪ್ಪು ಮಚ್ಚೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಒಂದು ಟ್ಯೂಬಿನ ಹೆಸರು ಹೇಳಿದರು. ಔಷಧಿ ಅಂಗಡಿಯವರು ಚೀಟಿ ಕೇಳದೆ ಕೊಟ್ಟರು. ಹದಿನೈದು ದಿನದಲ್ಲಿ ಮುಖ ತಿಳಿಯಾಯಿತು. "ಟೀಚರ್ ಬೆಳ್ಳಗಾಗ್ಯಾರ" ಎಂದು ಮಕ್ಕಳು ಪಿಸುಗುಟ್ಟಿದ್ದು ಕಿವಿಗೆ ಬಿದ್ದು ಹಿಗ್ಗಿದೆ. ಬಿಡಲಿಲ್ಲ, ಹೆಚ್ಚುಕಡಿಮೆ ಎರಡು ವರ್ಷ ಹಚ್ಚಿದೆ. ಒಮ್ಮೆ ಟ್ಯೂಬು ಸಿಗದೆ ನಾಲ್ಕು ದಿನ ನಿಲ್ಲಿಸಿದಾಗ ಮುಖ ಕೆಂಡದಂತೆ ಉರಿಯಿತು, ಗುಳ್ಳೆ ಎದ್ದವು, ಕೆನ್ನೆಯ ಮೇಲೆ ಕೆಂಪು ದಾರದಂಥ ನರಗಳು ಕಾಣಿಸಿದವು. ಚರ್ಮದ ವೈದ್ಯೆಯೊಬ್ಬರು ಟ್ಯೂಬು ನೋಡಿ ಹೇಳಿದರು: ಇದರಲ್ಲಿರುವುದು ಸ್ಟೀರಾಯ್ಡ್. ಇದು ಮೊದಲು ಬಣ್ಣ ತಿಳಿಗೊಳಿಸುತ್ತದೆ, ಆಮೇಲೆ ಚರ್ಮವನ್ನೇ ತೆಳ್ಳಗೆ ಮಾಡುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಕೇಡು. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಚೀಟಿ ಕೇಳದವರು ಇದ್ದಾರೆ, ಚೀಟಿ ಇಲ್ಲದೆ ಹೋಗುವ ನನ್ನಂಥವರೂ ಇದ್ದಾರೆ.

ಇದು ನನ್ನೊಬ್ಬಳ ಕತೆಯಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರಪಿಂಡದ ಕಾಯಿಲೆಯಿಂದ ಬಂದ ಕೆಲವು ರೋಗಿಗಳನ್ನು ಪರೀಕ್ಷಿಸಿ, ಅವರು ಬಳಸುತ್ತಿದ್ದ ಬಿಳುಪಿನ ಕ್ರೀಮಿನಲ್ಲಿ ಪಾದರಸವಿತ್ತು ಎಂದು 2023ರಲ್ಲಿ ವರದಿ ಮಾಡಿದರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಇಳಿದಿತ್ತು. ಬೆಂಗಳೂರಿನಲ್ಲಿ ಮೇ 2022ರಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಖಾಸಗಿ ಆಸ್ಪತ್ರೆಗೆ ಹೋದವರು ಮನೆಗೆ ಮರಳಲಿಲ್ಲ. ತಮಗೆ ತಿಳಿಸದೆ ಹೋಗಿದ್ದಳು ಎಂದು ತಂದೆ ತಾಯಿ ಅತ್ತರು. ಆ ಹುಡುಗಿಗೆ 21 ವರ್ಷ. ನನ್ನ ಕೈಯಲ್ಲಿ ಕಲಿತು ಹೋದ ಹುಡುಗಿಯರ ವಯಸ್ಸು. ಮುಪ್ಪು ಇನ್ನೂ ಬಾಗಿಲ ಹತ್ತಿರವೂ ಬಂದಿರಲಿಲ್ಲ. ಅಂದರೆ ಈ ಹೆದರಿಕೆಗೆ ನರೆಗೂದಲು ಬೇಕಿಲ್ಲ, ಗೆರೆ ಬೇಕಿಲ್ಲ. ನೀನು ಇದ್ದ ಹಾಗೆ ಸಾಲದು ಎಂದು ಯಾರಾದರೂ ಹೇಳಿದರೆ ಸಾಕು.

ಈಗ ತಂಗಿಯ ಪ್ರಶ್ನೆಗೆ ಬರೋಣ. ಶೀಲ ಮುರಿಯುತ್ತದೆಯೇ? ಇಲ್ಲವಮ್ಮಾ. ಪಂಚಶೀಲದಲ್ಲಿ ಮುಖಕ್ಕೆ ಚಿಕಿತ್ಸೆ ಬೇಡ ಎಂಬ ಮಾತಿಲ್ಲ. ಸುಟ್ಟ ಮುಖಕ್ಕೆ, ಸೀಳು ತುಟಿಗೆ ಮಾಡುವ ಶಸ್ತ್ರಚಿಕಿತ್ಸೆ ಕರುಣೆಯ ಕೆಲಸ. ಒಳ್ಳೆಯ ಬಟ್ಟೆ ಉಡುವುದೂ ದೋಷವಲ್ಲ. ಬಾಬಾಸಾಹೇಬರೇ ಅದನ್ನು ಹೇಳಿದ್ದಾರೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ಆ ಪರಿಷತ್ತಿನಲ್ಲಿ ಅವರು ಹೆಂಗಸರನ್ನು ಕೂಡಿಸಿ ಬೇರೆಯಾಗಿ ಮಾತಾಡಿದರು. ನೀವು ಅಸ್ಪೃಶ್ಯರೆಂದು ದೂರದಿಂದಲೇ ಗುರುತಿಸುವಂತೆ ಮಾಡುವ ಉಡುಗೆ ಬಿಡಿ, ಆ ಭಾರದ ಒಡವೆ ಬಿಡಿ, ಸೀರೆಯನ್ನು ಉಳಿದವರಂತೆ ಉಡಿ, ಚೊಕ್ಕಟವಾಗಿರಿ, ಹೆಣ್ಣುಮಕ್ಕಳನ್ನು ಓದಿಸಿ ಎಂದರು. ಕೇಳಿದ ಹೆಂಗಸರು ಅಲ್ಲೇ ಸೀರೆ ಉಡುವ ರೀತಿ ಬದಲಿಸಿದರು ಎಂದು ದಾಖಲಾಗಿದೆ.

ಹಾಗಾದರೆ ಮಹಾಡದ ಸೀರೆಗೂ ಇಂದಿನ ಸೂಜಿಗೂ ಏನು ವ್ಯತ್ಯಾಸ? ನನಗೆ ತೋಚಿದ್ದು ಇಷ್ಟು. ಮಹಾಡದಲ್ಲಿ ಹೆಂಗಸರು ಕಳಚಿದ್ದು ಬೇರೆಯವರು ತಮ್ಮ ಮೇಲೆ ಹೊರಿಸಿದ್ದ ಗುರುತನ್ನು. ಮೈ ಅವರದು, ಗುರುತು ಬೇರೆಯವರದು. ಇವತ್ತಿನ ದರಪಟ್ಟಿ ಮೈಯನ್ನೇ ತಪ್ಪು ಎನ್ನುತ್ತದೆ. ಆ ಸೀರೆ ತಲೆ ಎತ್ತಿ ನಡೆಯಲು ಉಟ್ಟದ್ದು. ಈ ಸೂಜಿ ತಲೆ ತಗ್ಗಿಸಿದ ಮೇಲೆ ಚುಚ್ಚುವಂಥದ್ದು.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದರು. ಏಣಿಯಂತೆ ಒಬ್ಬರ ಮೇಲೆ ಒಬ್ಬರು, ಪ್ರತಿಯೊಬ್ಬರಿಗೂ ಕೀಳಾಗಿ ನೋಡಲು ಕೆಳಗೊಬ್ಬರು. ಚಂದದ ಏಣಿಯೂ ಹಾಗೇ ಇದೆ ನೋಡಿ. ಬಿಳಿಯವರ ಕೆಳಗೆ ಎಣ್ಣೆಗಪ್ಪು, ಅದರ ಕೆಳಗೆ ಕಪ್ಪು. ಎಳೆಯರ ಕೆಳಗೆ ನಡುವಯಸ್ಸು, ಅದರ ಕೆಳಗೆ ಮುದುಕಿ. ಬಾದಾಮಿಯ ನಾದಿನಿಯೂ ಈ ಏಣಿಯ ಮೇಲೆಯೇ ನಿಂತಿದ್ದಾಳೆ, ತನ್ನ ಕೆಳಗೆ ಒಬ್ಬಳು ಇದ್ದಾಳೆಂದು ಸಮಾಧಾನ ಪಡುತ್ತಿದ್ದಾಳೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು. ಡಬ್ಬಿಯ ಮೇಲಿನ ಪದ ಹೋಯಿತು. ನಮ್ಮ ಮನೆಗಳಲ್ಲಿ ಕನ್ಯೆ ನೋಡಲು ಬಂದವರ ಬಾಯಲ್ಲಿ ಆ ಪದ ಇನ್ನೂ ಇದೆ.

ಈಗ ವೈಶಾಲಿಗೆ ಹೋಗೋಣ.

ಅಂಬಪಾಲಿ ಆ ನಗರದ ಗಣಿಕೆ. ಅವರ ರೂಪಕ್ಕೆ ಬೆಲೆ ಕಟ್ಟಲಾಗಿತ್ತು. ಭಗವಾನರು ವೈಶಾಲಿಗೆ ಬಂದಾಗ ಅಂಬಪಾಲಿ ಹೋಗಿ ಧಮ್ಮ ಕೇಳಿ, ಮರುದಿನದ ಊಟಕ್ಕೆ ಸಂಘವನ್ನು ಕರೆದರು. ಭಗವಾನರು ಒಪ್ಪಿದರು. ದಾರಿಯಲ್ಲಿ ಲಿಚ್ಛವಿ ರಾಜಕುಮಾರರು ಎದುರಾಗಿ, ಲಕ್ಷ ಹಣ ಕೊಡುತ್ತೇವೆ, ಆ ಊಟವನ್ನು ನಮಗೆ ಬಿಟ್ಟುಕೊಡು ಎಂದರು. ಇಡೀ ವೈಶಾಲಿಯನ್ನೇ ಕೊಟ್ಟರೂ ಬಿಡುವುದಿಲ್ಲ ಎಂದರು ಅಂಬಪಾಲಿ. ಲಿಚ್ಛವಿಗಳು ನೇರವಾಗಿ ಭಗವಾನರನ್ನೇ ಕರೆಯಲು ಹೋದರು. ನಾಳೆಯ ಊಟಕ್ಕೆ ಅಂಬಪಾಲಿಗೆ ಒಪ್ಪಿಕೊಂಡಾಗಿದೆ ಎಂಬುದೇ ಅವರಿಗೆ ಸಿಕ್ಕ ಉತ್ತರ. ಎಲ್ಲರೂ ದುಡ್ಡು ಕೊಟ್ಟು ಪಡೆಯುತ್ತಿದ್ದ ಹೆಣ್ಣಿಗೆ ಕೊಟ್ಟ ಮಾತನ್ನು ಬುದ್ಧರು ಅರಸು ಮಕ್ಕಳಿಗಾಗಿ ಮುರಿಯಲಿಲ್ಲ. ಅಂಬಪಾಲಿ ತಮ್ಮ ಮಾವಿನ ತೋಪನ್ನು ಸಂಘಕ್ಕೆ ದಾನ ಮಾಡಿದರು.

ಮುಂದೆ ಅವರು ಭಿಕ್ಖುಣಿಯಾದರು, ಮುದುಕಿಯಾದರು. ಥೇರಿಗಾಥೆಯಲ್ಲಿ ಅವರ ಹತ್ತೊಂಬತ್ತು ಗಾಥೆಗಳಿವೆ. ಕೂದಲಿನಿಂದ ಶುರು ಮಾಡಿ ಪಾದದವರೆಗೆ ತಮ್ಮ ದೇಹದ ಒಂದೊಂದೇ ಅಂಗವನ್ನು ಹೆಸರಿಸುತ್ತಾ, ಇದು ಅಂದು ಹೇಗಿತ್ತು, ಇಂದು ಹೇಗಾಗಿದೆ ಎಂದು ಹೇಳಿಕೊಳ್ಳುತ್ತಾರೆ. ಪ್ರತಿ ಬಾರಿಯೂ ಕೊನೆಗೆ, ಸತ್ಯ ನುಡಿದ ಗುರುವಿನ ಮಾತು ಸುಳ್ಳಾಗಲಿಲ್ಲ ಎಂಬ ನಿಲುಗಡೆ.

ಎಂಎ ಓದುವಾಗ ನಾನು ಇದನ್ನು ದೇಹದ ಮೇಲಿನ ಜಿಗುಪ್ಸೆ ಎಂದುಕೊಂಡಿದ್ದೆ. ತಂಗಿಯ ಫೋನಿನಲ್ಲಿ ದರಪಟ್ಟಿ ನೋಡಿದ ಮೇಲೆ ಬೇರೆ ರೀತಿ ಅರ್ಥವಾಯಿತು. ಹಣೆ, ಕಣ್ಣು, ಕೆನ್ನೆ, ತುಟಿ ಎಂದು ಹೆಣ್ಣನ್ನು ಭಾಗ ಭಾಗವಾಗಿ ಎಣಿಸಿದವರು ಮೊದಲು ಗಿರಾಕಿಗಳು. ಅಂಬಪಾಲಿ ಥೇರಿ ಅದೇ ಪಟ್ಟಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅದೇ ಅಂಗಗಳು, ಅದೇ ಕ್ರಮ. ಆದರೆ ಬೆಲೆಯ ಕಾಲಂ ಹೊಡೆದುಹಾಕಿ ಅಲ್ಲಿ ಸತ್ಯ ಎಂದು ಬರೆದರು. ಅದರಲ್ಲಿ ಅಳು ಇಲ್ಲ, ಕ್ಷಮೆ ಕೇಳುವುದಿಲ್ಲ. ನಾನು ಹೀಗಿದ್ದೆ, ಹೀಗಾಗಿದ್ದೇನೆ, ಈಗ ನನ್ನ ಲೆಕ್ಕ ನನ್ನದು.

ನಮ್ಮ ಸೀಮೆಯ ಹೆಂಗಸರಿಗೆ ಇದು ದೂರದ ಕತೆಯಲ್ಲ. ನಮ್ಮ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ಅಜ್ಜಿಯರು, ಚಿಕ್ಕವ್ವಗಳು ಇದ್ದರು, ಇನ್ನೂ ಇದ್ದಾರೆ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಅದಕ್ಕೂ ಮೊದಲು ಎಷ್ಟು ತಲೆಮಾರು! ಅವರಿಗೂ ವಯಸ್ಸಿರುವವರೆಗೆ ಬೆಲೆ, ಆಮೇಲೆ ಅಂಗಳದ ಮೂಲೆ. ನಮ್ಮ ಓಣಿಯಲ್ಲಿ ಅಂಥ ಒಬ್ಬ ಆಯಿ ಇದ್ದಳು. ಪಂಚಮಿಗೆ ನಮಗೆಲ್ಲ ಉಂಡಿ ಕಟ್ಟಿಕೊಡುತ್ತಿದ್ದಳು. ಒಮ್ಮೆ ನನ್ನ ಅವ್ವನಿಗೆ ಹೇಳಿದ್ದು ನೆನಪಿದೆ: "ಮಾರಿ ಸುಕ್ಕಾದ ಮ್ಯಾಲ ನಿದ್ದಿ ಹತ್ತಾಕತ್ತೇತಿ ನೋಡವಾ. ಯಾರೂ ಬಾಗಿಲಾ ಬಡಿಯಂಗಿಲ್ಲ." ಆಗ ನಾನು ಹುಡುಗಿ, ಅರ್ಥವಾಗಲಿಲ್ಲ. ಈಗ ಅರ್ಥವಾಗುತ್ತದೆ. ಹೆಣ್ಣಿನ ಎಳೆತನಕ್ಕೆ ಬೆಲೆ ಕಟ್ಟುವವರು ಯಾರು ಎಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಬೆಲೆಗೆ ಈಗ ನಾವೇ ದುಡ್ಡು ಕೊಟ್ಟು ಮತ್ತೆ ಹೆಸರು ಹಚ್ಚಿಸಿಕೊಳ್ಳಬೇಕೇ?

ಅಂಬಪಾಲಿಯ ಮನೆಯ ಊಟದ ಬಳಿಕ ಭಗವಾನರು ಬೇಲುವ ಎಂಬ ಹಳ್ಳಿಯಲ್ಲಿ ಆ ವರ್ಷದ ವರ್ಷಾವಾಸ ಮಾಡಿದರು. ಅಲ್ಲಿ ಕಾಯಿಲೆ ಬಿದ್ದು ಎದ್ದರು. ಆಗ ಆನಂದರಿಗೆ, ನನಗೆ ಎಂಬತ್ತಾಯಿತು, ಈ ದೇಹ ಪಟ್ಟಿ ಬಿಗಿದು ನಡೆಸುವ ಹಳೆಯ ಬಂಡಿಯಂತಾಗಿದೆ ಎಂದು ಹೇಳಿದ್ದು ಮಹಾಪರಿನಿಬ್ಬಾನ ಸುತ್ತದಲ್ಲಿದೆ. ಇನ್ನೊಂದು ಸುತ್ತ ಸಂಯುತ್ತ ನಿಕಾಯದ ಜರಾ ಸುತ್ತ. ಸಾವತ್ಥಿಯಲ್ಲಿ ಉಪಾಸಿಕೆ ವಿಶಾಖೆ ಕಟ್ಟಿಸಿಕೊಟ್ಟ ವಿಹಾರ. ಸಂಜೆಯ ಬಿಸಿಲಿಗೆ ಬೆನ್ನು ಕೊಟ್ಟು ಭಗವಾನರು ಕುಳಿತಿದ್ದಾರೆ. ಆನಂದರು ಕೈಕಾಲು ಒತ್ತುತ್ತಾ, ಮೈಬಣ್ಣ ಮೊದಲಿನಂತಿಲ್ಲ, ಚರ್ಮ ಸುಕ್ಕಾಗಿದೆ, ಬೆನ್ನು ಬಾಗಿದೆ ಎಂದು ಅಚ್ಚರಿಪಡುತ್ತಾರೆ. ಹೌದು, ಯೌವನದೊಳಗೇ ಮುಪ್ಪು ಇರುತ್ತದೆ ಎಂದು ಭಗವಾನರ ಉತ್ತರ. ನಮ್ಮ ಹಟ್ಟಿಗಳಲ್ಲಿ ಅಜ್ಜಂದಿರು ಚಳಿಗಾಲದಲ್ಲಿ ಗೋಡೆಗೆ ಒರಗಿ ಬಿಸಿಲು ಕಾಯಿಸುವಂತೆಯೇ. ನಾವು ವಿಹಾರದಲ್ಲಿ ಪೂಜಿಸುವ ಮೂರ್ತಿಗೆ ಒಂದೂ ಸುಕ್ಕಿಲ್ಲ. ಆದರೆ ಧಮ್ಮ ಹೇಳಿದ ಆ ಮನುಷ್ಯನ ಮುಖದಲ್ಲಿ ಸುಕ್ಕು ಇತ್ತು, ಅದನ್ನು ಅವರು ಮುಚ್ಚಿಕೊಳ್ಳಲಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಅವರ ಧಮ್ಮ' ಗ್ರಂಥದ ಪೀಠಿಕೆಯಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ. ಸಿದ್ಧಾರ್ಥ 29ನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಮುದುಕನನ್ನು, ರೋಗಿಯನ್ನು, ಹೆಣವನ್ನು ನೋಡಿ ಮನೆ ಬಿಟ್ಟ ಎಂಬ ಕತೆಯನ್ನು ಹೇಗೆ ನಂಬುವುದು? ಅಷ್ಟು ವರ್ಷ ಅವನು ಇವನ್ನು ನೋಡದಿರಲು ಸಾಧ್ಯವೇ? ಈ ಕತೆ ಬುದ್ಧಿಗೆ ಒಪ್ಪುವುದಿಲ್ಲ ಎಂದು ಅವರು ತಳ್ಳಿಹಾಕಿ, ಶಾಕ್ಯ ಕೋಲಿಯರ ನೀರಿನ ಜಗಳದ ಕಾರಣವನ್ನು ಮುಂದಿಡುತ್ತಾರೆ. ಆ ಕತೆಯ ಅರಮನೆ ಅಂದು ಇರಲಿಲ್ಲ, ಸರಿ. ಆದರೆ ಇಂದು ಅದನ್ನು ಕಟ್ಟಿದ್ದಾರೆ, ನಮ್ಮ ಅಂಗೈಯಲ್ಲೇ ಇದೆ. ಹುನಗುಂದದಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗುವಾಗ ಫೋನು ತೆರೆದರೆ ಅಮೀನಗಡ ದಾಟುವುದರೊಳಗೆ ನೂರು ಹೆಣ್ಣು ಮುಖ ಕಾಣುತ್ತವೆ. ಒಂದರಲ್ಲೂ ಸುಕ್ಕಿಲ್ಲ. ಪಕ್ಕದ ಸೀಟಿನಲ್ಲಿ ಬುಟ್ಟಿ ಹಿಡಿದು ಕುಳಿತ ಅಜ್ಜಿಯ ಮುಖ ಮಾತ್ರ ನಮಗೆ ಕಾಣುವುದಿಲ್ಲ.

ನನ್ನ ಅವ್ವ ಇಳಕಲ್ ಕಡೆಯ ಕೆಂಪು ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಹೊತ್ತು ನನ್ನನ್ನು ಓದಿಸಿದಳು. ನಲವತ್ತಕ್ಕೇ ಅವಳ ಮುಖ ಅರವತ್ತರದಾಗಿತ್ತು. ಬಿಸಿಲು, ದೂಳು, ಹಸಿವು ಬರೆದ ಗೆರೆಗಳು. ಎಲ್ಲರಿಗೂ ಮುಪ್ಪು ಒಂದೇ ಸಮನೆ ಬರುವುದಿಲ್ಲ ಬಂಧುಗಳೇ, ದುಡಿಯುವವರಿಗೆ ಮೊದಲು ಬರುತ್ತದೆ. ಮಾತೆ ರಮಾಬಾಯಿಯವರನ್ನು ನೆನೆಯಿರಿ. ಹೆತ್ತ ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣಿಗೆ ಕೊಟ್ಟು, 1935ರ ಮೇ 27ರಂದು ತೀರಿಕೊಂಡಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ಅವರ ಕೂದಲು ನರೆಯಲು ಕಾಲವೇ ಸಿಗಲಿಲ್ಲ. ನಮ್ಮ ಹೆಂಗಸರಿಗೆ ಮುಪ್ಪು ಎಂಬುದು ಸುಲಭವಾಗಿ ಸಿಕ್ಕ ವಸ್ತುವಲ್ಲ. ಕನ್ನಡಿಯಲ್ಲಿ ಗೆರೆ ಕಂಡಾಗ ನಾನು ಈಗ ಹೀಗೆ ಅಂದುಕೊಳ್ಳಲು ಯತ್ನಿಸುತ್ತೇನೆ: ಇಷ್ಟು ವರ್ಷ ಬದುಕಿದೆ, ಓದಿದೆ, ಸ್ವಂತ ಪಗಾರ ಉಂಡೆ.

ತಂಗೀ, ಶೀಲ ಮುರಿಯುವುದಿಲ್ಲ ಎಂದೆ. ಆದರೆ ತೃಷ್ಣೆಯ ಮಾತು ಬೇರೆ. ಹಣೆಯ ಗೆರೆಗೆ ಚುಚ್ಚುವ ಬೊಟಾಕ್ಸ್ ನರದ ಸಂದೇಶ ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದೆ. ಸ್ನಾಯು ಸುಮ್ಮನಾಗುತ್ತದೆ, ಗೆರೆ ಕಾಣುವುದಿಲ್ಲ. ಮೂರು ನಾಲ್ಕು ತಿಂಗಳಿಗೆ ಅದರ ಶಕ್ತಿ ಇಳಿಯುತ್ತದೆ, ಮತ್ತೆ ಚುಚ್ಚಿಸಬೇಕು. ಅಂದರೆ ಇದು ಒಂದು ಸಲದ ಖರ್ಚಲ್ಲ, ಕಂತು. ಭಗವಾನರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುವಾಗ ಸಾಲವಿಲ್ಲದಿರುವುದೂ ಒಂದು ಸುಖ ಎಂದರು. ಮಗಳ ಫೀಸು ತೆಗೆದು ಹಣೆಗೆ ಹಾಕಿದರೆ ನೀನು ಸಾಲಗಾರ್ತಿಯಾಗುವುದು ಮಗಳಿಗೆ. ಅದಕ್ಕಿಂತ ಹೆಚ್ಚಾಗಿ, ಹೆಣ್ಣಿಗೆ ಓದಿಗಿಂತ ಮುಖ ಮುಖ್ಯ ಎಂದು ಅವಳಿಗೆ ಕಲಿಸಿದಂತಾಗುತ್ತದೆ. ಮಹಾಡದಲ್ಲಿ ಬಾಬಾಸಾಹೇಬರು ಹೇಳಿದ್ದರಲ್ಲಿ ಸೀರೆಯ ಮಾತಿನ ಜೊತೆಗೆ ಓದಿನ ಮಾತೂ ಇತ್ತು.

ಆದರೆ ನಿನ್ನ ಅಂಗಡಿಯ ಹೆದರಿಕೆ ಸುಳ್ಳಲ್ಲ. ಅದು ಹೊಟ್ಟೆಯ ಪ್ರಶ್ನೆ. ಅದಕ್ಕೆ ಧ್ಯಾನ ಮಾಡು ಎಂದರೆ ನಾನು ಮೋಸ ಮಾಡಿದಂತೆ. ಹನ್ನೆರಡು ವರ್ಷದ ಅನುಭವವನ್ನು ವಯಸ್ಸಿನ ಕಾರಣಕ್ಕೆ ಒಳಗೆ ತಳ್ಳುವುದು ಅನ್ಯಾಯ, ಅನ್ಯಾಯಕ್ಕೆ ಉತ್ತರ ಮುಖದ ಚಿಕಿತ್ಸೆಯಲ್ಲ. ಕೊಂಡಿ ನೇಯ್ಗೆ ಯಾವುದು, ಯಂತ್ರದ್ದು ಯಾವುದು, ಟೋಪಿ ತೆನಿ ಸೆರಗು ಹೇಗೆ ಕೂಡಿಸಿದ್ದಾರೆ ಎಂದು ಕೈಯಿಂದಲೇ ಗುರುತಿಸುವವಳು ನೀನು. ಬಳಗದಿಂದ ನಾವು ನಾಲ್ಕು ಜನ ನಿನ್ನ ಜೊತೆ ಬಂದು ಮಾಲೀಕರ ಹತ್ತಿರ ಮಾತಾಡುತ್ತೇವೆ. ಕೇಳದಿದ್ದರೆ ಮುಂದಿನ ದಾರಿ ಕೂಡಿ ಹುಡುಕೋಣ. ಸಂಘಂ ಸರಣಂ ಎಂದು ದಿನಾ ಹೇಳುತ್ತೇವಲ್ಲ, ಅದು ಇಂಥ ದಿನಕ್ಕೇ.

ಉಪಾಸಕರಿಗೂ ಒಂದು ಮಾತು. ನಿಮ್ಮ ನರೆಗೂದಲಿಗೆ "ಹಿರಿಯರು" ಎಂದು ಕುರ್ಚಿ ಕೊಡುತ್ತಾರೆ. ನಿಮ್ಮ ಹೆಂಡತಿಯ ನರೆಗೂದಲಿಗೆ "ಯಾಕವಾ ಹಿಂಗಾದಿ" ಎಂದು ಕೇಳುತ್ತಾರೆ. ನಾದಿನಿ ಆ ಮಾತು ಅಂದಾಗ ಪಕ್ಕದಲ್ಲೇ ನಿಂತಿದ್ದ ಗಂಡ ನಕ್ಕನಂತೆ. ಆ ನಗುವೇ ಅವಳನ್ನು ದರಪಟ್ಟಿಯವರೆಗೆ ನೂಕಿದ್ದು. ಸಮ್ಯಕ್ ವಾಚಾ ಎಂದರೆ ಕೆಟ್ಟದ್ದನ್ನು ಆಡದಿರುವುದಷ್ಟೇ ಅಲ್ಲ, ಆಡಬೇಕಾದಾಗ ಸುಮ್ಮನೆ ನಗದಿರುವುದೂ ಹೌದು.

ನಾಳೆ ಹುಣ್ಣಿಮೆ, ಉಪೋಸಥ. ಅಷ್ಟಶೀಲ ತೆಗೆದುಕೊಳ್ಳುವವರು ಏಳನೆಯ ಶೀಲದಲ್ಲಿ ಹೂವು, ಸುಗಂಧ, ಅಲಂಕಾರ ಬಿಡುತ್ತಾರೆ. ಅದು ದೇಹಕ್ಕೆ ಶಿಕ್ಷೆಯಲ್ಲ, ಒಂದು ದಿನ ಕನ್ನಡಿಗೆ ರಜೆ. ನಾಳೆಯ ಅಭ್ಯಾಸ ಇಷ್ಟು:

ಒಂದು. ಯಾವ ಹೆಣ್ಣುಮಗಳನ್ನು ಭೇಟಿಯಾದರೂ "ಕಪ್ಪಾಗೀದಿ, ಸೊರಗೀದಿ, ದಪ್ಪಾಗೀದಿ" ಎಂದು ಮಾತು ಶುರು ಮಾಡಬೇಡಿ. "ಊಟಾ ಆತೇನವಾ?" ಎಂದು ಕೇಳಿ.

ಎರಡು. ಮುಖಕ್ಕೆ ಹಚ್ಚುವ ಟ್ಯೂಬು ಮನೆಯಲ್ಲಿದ್ದರೆ ಅದರ ಮೇಲಿನ ಸಣ್ಣ ಅಕ್ಷರ ಓದಿ. ಸ್ಟೀರಾಯ್ಡ್ ಇದೆಯೇ ಎಂದು ವೈದ್ಯರನ್ನು ಕೇಳಿ. ಬಹಳ ದಿನ ಹಚ್ಚಿದವರು ಒಮ್ಮೆಲೇ ಬಿಡಬೇಡಿ, ವೈದ್ಯರು ಹೇಳಿದಂತೆ ಬಿಡಿ.

ಮೂರು. ಮನೆಯಲ್ಲಿರುವ ಅತ್ಯಂತ ಹಿರಿಯ ಹೆಂಗಸಿನ ಹತ್ತಿರ ಹತ್ತು ನಿಮಿಷ ಕುಳಿತು, ಕೈ ಒತ್ತುತ್ತಾ, ಅವರ ಮುಖ ನೋಡಿ. ಆನಂದರು ನೋಡಿದಂತೆ.

ಕೊನೆಗೊಂದು ಮಾತು, ಮುಚ್ಚಿಟ್ಟರೆ ಮುಸಾವಾದವಾದೀತು. ನಾನು ಇನ್ನೂ ಕೂದಲಿಗೆ ಬಣ್ಣ ಹಚ್ಚುತ್ತೇನೆ. ಈ ಭಾನುವಾರದ ಪಾಕೀಟು ಕಪಾಟಿನಲ್ಲಿದೆ. ಹಚ್ಚುತ್ತೇನೋ ಬಿಡುತ್ತೇನೋ ಗೊತ್ತಿಲ್ಲ. ಆದರೆ ಹಚ್ಚುವ ಮುನ್ನ ಯಾರ ಕಣ್ಣಿಗಾಗಿ ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ. ತಂಗೀ, ನೀನೂ ಅಷ್ಟು ಕೇಳಿಕೋ. ಉತ್ತರ ಏನೇ ಬಂದರೂ ಭಾನುವಾರ ಬಾ. ಈ ಸಲ ಹಿಂದಿನ ಸಾಲು ಬೇಡ, ಮುಂದೆ ನನ್ನ ಪಕ್ಕದಲ್ಲಿ ಕೂಡು.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.

ಜೈ ಭೀಮ್. ನಮೋ ಬುದ್ಧಾಯ.